ಷರಾ

ನಕ್ಷೆ ಎಳೆದವನು ನಾನಲ್ಲ, ಮಸಿ ತುಂಬಿದವನು.
ಓವರ್ಸೀಯರ್ ನರಹರಿರಾಯರ ಪೆನ್ಸಿಲ್ ಗೆರೆಯ ಮೇಲೆ
ಉಸಿರು ಬಿಗಿಹಿಡಿದು ಕಪ್ಪು ಹರಿಸುವುದು,
ತಿಂಗಳಿಗೆ ಹದಿನಾಲ್ಕು ರೂಪಾಯಿ.

ಪ್ಲೇಗು ಎರಡು ಸಲ ಬಂದು ಉಂಡು ಹೋದ ಮೇಲೆ
ದಾವಣಗೆರೆಯ ಪೇಟೆಗೊಂದು ಚರಂಡಿ ಬೇಕೆಂದು
ಮುನಿಸಿಪಾಲಿಟಿಗೆ ಹೊಳೆಯಿತು.
ಪೇಟೆಯೆಂದರೆ
ಅರಳೆಯ ಅಂಡಿಗೆ, ಅಂಡಿಗೆ ಮೇಲೆ ಕಂಬಳಿ ಹೊರೆ,
ಹೊರೆ ಮೇಲೆ ಕೂತು ಬೀಡಿ ಸೇದುವ ಹಮಾಲ,
ಅವನ ಕಾಲ ಕೆಳಗೆ ಎತ್ತು,
ಎತ್ತಿನ ಕಾಲ ಕೆಳಗೆಲ್ಲೋ
ನಾವು ಅಳೆಯಬೇಕಾದ ನೆಲ.

ಗುತ್ಯಪ್ಪ ನೂರು ಕೊಂಡಿಯ ಸರಪಳಿ ಎಳೆದ.
ಹನ್ನೆರಡನೆಯದು ಸೊಪ್ಪಿನ ಬುಟ್ಟಿಗೆ ಸಿಕ್ಕಿತು,
ನಲವತ್ತನೆಯದರ ಮೇಲೆ ಯಾರೋ ತಕ್ಕಡಿ ಇಟ್ಟರು,
ಎಪ್ಪತ್ತರ ಹತ್ತಿರ ಒಬ್ಬ ಮುದುಕ
'ಈ ಕಟ್ಟೆ ನಮ್ಮಜ್ಜಂದು' ಎಂದು ಅದರ ಮೇಲೆ ಮಲಗಿಬಿಟ್ಟ.
ಅಜ್ಜನ ಕಟ್ಟೆಗೆ ಮಗನ ಮೆಟ್ಟಿಲು,
ಮೆಟ್ಟಿಲಿಗೆ ಮೊಮ್ಮಗನ ತಗಡಿನ ಚಪ್ಪರ.
ಸರ್ಕಾರದ ಬೀದಿ ಹೀಗೆ
ಪಾಲುಪತ್ರವಿಲ್ಲದೆ ಪಾಲಾಗಿತ್ತು.

ಆದರೂ ರಾಯರ ಗೆರೆ ನೆಟ್ಟಗಿತ್ತು.
ಕಾಳಿನ ಸಾಲಿನಿಂದ ಊರ ಹೊಂಡದ ಕೋಡಿಗೆ
ದಾರ ಹಿಡಿದು ಎಳೆದಂತೆ, ಎಲ್ಲೂ ತಡೆಯದೆ,
ಕೊಟ್ರಬಸಪ್ಪನವರ ಮಳಿಗೆಯ ನಡುಮಧ್ಯೆ.

ಅರ್ಜಿ ಬಂತು. ಮೂವತ್ತೊಂದು ಸಹಿ,
ಒಂಬತ್ತು ಹೆಬ್ಬೆಟ್ಟು, ಒಂದು ಗುಜರಾತಿಯಲ್ಲಿ.
ಆಮೇಲೆ ಒಂದು ಸಂಜೆ ರಾಯರ ಮನೆ ಮುಂದೆ
ಅಕ್ಕಿ ಮೂಟೆ ಇಳಿಯಿತೆಂದು ಹೇಳುತ್ತಾರೆ.
ನಾನು ನೋಡಿಲ್ಲ. ನನಗೆ ಕಂಡದ್ದು
ರಾಯರು ರಬ್ಬರಿನ ಪುಡಿಯನ್ನು ಊದಿದ್ದು,
ಮಳಿಗೆಯ ಮುಂದೆ ಗೆರೆ ತಲೆ ತಗ್ಗಿಸಿ
ಎಡಕ್ಕೆ ಸರಿದದ್ದು.

ಎಡಕ್ಕೆ ಚೌಡವ್ವನ ಮಂಡಕ್ಕಿ ಭಟ್ಟಿ.
ಗೂಟ ಹೊಡೆಯಲು ಹೋದ ದಿನ
ಅವಳು ಬೈಯಲಿಲ್ಲ, ಅಳಲಿಲ್ಲ.
ಒಳಗಿಂದ ಒಂದು ಕೊಡ ನೀರು ತಂದು
ನಮ್ಮ ಗೂಟದ ಬುಡಕ್ಕೇ ಸುರಿದಳು.
'ನಿಮ್ ಕಾಗದ ಇರ್ಲಿ ರಾಯರೆ,
ನೀರು ಯಾ ಕಡೆ ಹೋಗ್ತತಿ ನೋಡ್ರಿ.'
ನೀರು ಒಂದು ಗಳಿಗೆ ನಿಂತಿತು.
ಹೊಟ್ಟು, ಒಂದು ಬೀಡಿ ತುಂಡು, ನಾಲ್ಕು ಮಂಡಕ್ಕಿ ಕಾಳು ಹೊತ್ತು
ಸಾಹುಕಾರರ ಹೊಸ್ತಿಲಿಗೆ ಹೋಯಿತು.
ಗುತ್ಯಪ್ಪ ನಕ್ಕ. ರಾಯರು ಮಟ್ಟದ ಕೊಳವೆಯನ್ನು
ಒರೆಸಿದ್ದನ್ನೇ ಒರೆಸಿದರು.

ಪರಿಹಾರದ ತಕ್ತೆ ಬರೆದದ್ದು ನಾನೇ:
ತಗಡು ಎಂಟು, ತೊಲೆ ಎರಡು,
ಒಟ್ಟು ಹನ್ನೊಂದು ರೂಪಾಯಿ ನಾಲ್ಕಾಣೆ.
ಮಣ್ಣಿನ ಒಲೆ ಒಂದು. ಬೆಲೆ ಇಲ್ಲ.
ನಕ್ಷೆಯಲ್ಲಿ ಅವಳ ಭಟ್ಟಿ ಉಗುರಿನಷ್ಟು ಚೌಕ,
ಅದಕ್ಕೆ ಕೆಂಪು ಮಸಿಯಲ್ಲಿ ಏಳು ಓರೆ ಗೀಟು.
ಕೈ ನಡುಗಲಿಲ್ಲ.
ನಡುಗಿದ್ದರೆ ಹಾಳೆ ಕೆಡುತ್ತಿತ್ತು,
ಹಾಳೆಯ ದುಡ್ಡು ಸಂಬಳದಲ್ಲಿ ಮುರಿಯುತ್ತಿದ್ದರು.

ಬೆಂಗಳೂರಿನ ದೊರೆ ಇಂಜಿನಿಯರು ಬಂದು
ಕುದುರೆಯಿಂದ ಇಳಿಯದೆ ಮೆಚ್ಚಿಕೊಂಡರು.

ಮೊದಲ ಮುಂಗಾರಿನ ರಾತ್ರಿ ನೀರು
ಹೊಸ ಕಲ್ಲಿನ ಚರಂಡಿಯಲ್ಲಿ ಸೊಂಡೂರು ಎತ್ತಿನಂತೆ ನುಗ್ಗಿ ಬಂತು,
ತಿರುವಿನಲ್ಲಿ ನಿಂತಿತು,
ಆ ಕೊಡದ ನೀರಿನಂತೆಯೇ ಯೋಚಿಸಿತು.
ಬೆಳಿಗ್ಗೆ ಮಳಿಗೆಯೊಳಗೆ ಅರಳೆ ಮೂಟೆಗಳು
ತುಂಬು ಬಸುರಿಯರಂತೆ ಕೂತಿದ್ದವು.

ಈಗ ಇನ್ನೊಂದು ಅರ್ಜಿ. ನಷ್ಟಕ್ಕೆ ಕಾರಣ ನಕ್ಷೆಯ ದೋಷ.
ರಾಯರು ಶಿಕಾರಿಪುರಕ್ಕೆ ವರ್ಗವಾಗಿದ್ದಾರೆ.
ಗೆರೆಯ ಮೇಲಿನ ಮಸಿ ಯಾರದ್ದು? ನನ್ನದು.
ಫೈಲು ನನ್ನ ಮೇಜಿನ ಮೇಲಿದೆ,
ಷರಾ ಕಾಲಂ ಖಾಲಿ,
ಮೂರು ದಿನದಿಂದ ಲೇಖನಿ ಅದ್ದುತ್ತೇನೆ, ಒಣಗಿಸುತ್ತೇನೆ.

ನಿನ್ನೆ ಸ್ಟೇಷನ್ ಹಾದಿಯಲ್ಲಿ ಕಾಸಿನ ಮಂಡಕ್ಕಿ ಕೊಂಡೆ.
ಚೌಡವ್ವ ಗುರುತು ಹಿಡಿದಳು, ಮಾತಾಡಲಿಲ್ಲ,
ಒಂದು ಹಿಡಿ ಹೆಚ್ಚೇ ಹಾಕಿದಳು.
ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ
ಕಛೇರಿಯ ರದ್ದಿ: ರಾಯರ ಮೊದಲ ಹಾಳೆಯ ಚೂರು.
ಎಣ್ಣೆ ಹೀರಿ ಗಾಜಿನಂತಾಗಿದೆ.
ಅದರಲ್ಲಿ ಪೆನ್ಸಿಲಿನ ಗೆರೆ
ಇನ್ನೂ ನೆಟ್ಟಗೆ.

ಮಡಿಸಿ ಜೇಬಿಗಿಟ್ಟುಕೊಂಡೆ.
ಖಾರ ಸ್ವಲ್ಪ ಜಾಸ್ತಿಯಾಗಿತ್ತು.